ಇಬ್ಬರು ತಿಪ್ಪಮ್ಮರನ್ನು ಅಳಿಸಿದ ತಮಾಷೆ

ನಿನ್ನೆ ಮಾಡಿದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟೆ. ನಲ್ಲಿ ಬಂದಿತ್ತು, ಡ್ರಮ್ಮು ತೊಳೆದು ತುಂಬಿಸಿದೆ. ಮಹಡಿಯ ಮೇಲೆ ಹರವಿದ್ದ ಮೆಣಸಿನಕಾಯಿಗೆ ಕೈಯಾಡಿಸಿ ಬಂದೆ. ಮನೆಯವರ ಅಂಗಿಗೆ ಗುಂಡಿ ಹಾಕಿದೆ. ಗ್ಯಾಸಿಗೆ ಫೋನು ಮಾಡಿದೆ. ಬಸ್ಸು ಹತ್ತಿ ಮೊಳಕಾಲ್ಮುರಿಗೆ ಹೋಗಿ, ನೇಕಾರರ ಸಂಘವೊಂದರ ಕೋಣೆಯಲ್ಲಿ ನಾಲ್ಕು ಜನರ ಮುಂದೆ ನಿಂತು ನನಗೆ ತಿಳಿದದ್ದನ್ನು ಹೇಳಿದೆ. ವಾಪಸು ಬರುವಾಗ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರು ಸೋಪು, ದೀಪದ ಬತ್ತಿ ತೆಗೆದುಕೊಂಡೆ. ಒಣಗಿದ ಬಟ್ಟೆ ಮಡಚಿಟ್ಟೆ.

ಮೊಳಕಾಲ್ಮುರಿನದೊಂದು ಬಿಟ್ಟರೆ ಉಳಿದವೆಲ್ಲ ದಿನವೂ ಇರುವಂಥವೇ. ಅದೊಂದು ಮಾತ್ರ ಬೆಳಿಗ್ಗೆ ಎದ್ದರೂ ನನ್ನನ್ನು ಬಿಟ್ಟಿಲ್ಲ. ಹಾಲು ಉಕ್ಕಿಹೋಯಿತು, ನೋಡಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಲಕ್ಷ್ಮೀದೇವಿ ನನ್ನ ವಿದ್ಯಾರ್ಥಿನಿ. ಮೊಳಕಾಲ್ಮುರಿನ ಆ ಸಂಘದಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದಾಳೆ. ಆ ಕೆಲಸ ಅವಳಿಗೆ ಉಳಿಯುತ್ತದೋ ಹೋಗುತ್ತದೋ ಎಂದು ತೀರ್ಮಾನಿಸಲು ನಿನ್ನೆ ಸಭೆ ಕರೆದಿದ್ದರು. ಅವಳ ಮೇಲಿದ್ದ ದೂರು ಇಷ್ಟು: ಸಂಘದ ಪಟ್ಟಿಯಲ್ಲಿ ಇದ್ದ ಮೂರು ಜನ ತಿಪ್ಪಮ್ಮರಲ್ಲಿ ಇಬ್ಬರನ್ನು ಅಳಿಸಿದಳು. ಅಳಿಸಿದ್ದು ನಿಜ. ಆದರೆ ಹಾಗೆ ಅಳಿಸುವುದನ್ನು ಅವಳಿಗೆ ಕಲಿಸಿದ್ದು ಒಂದು ತಮಾಷೆ. ಯಾರೋ ಒಬ್ಬ ಹುಡುಗ ತಂಪು ಕೋಣೆಯಲ್ಲಿ ಕೂತು, ಕಲಿಯುವ ಮಕ್ಕಳ ಅಭ್ಯಾಸದೊಳಗೆ ಬಚ್ಚಿಟ್ಟ ತಮಾಷೆ. ಕಂಪ್ಯೂಟರ್ ಕಲಿಸುವ ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ತಿಳಿದಿರಲಿ.

ಚಳ್ಳಕೆರೆಯ ಒಂದು ತರಬೇತಿ ಕೇಂದ್ರದಲ್ಲಿ ನಾನು ಕಲಿಸುತ್ತಿದ್ದೆ. ವಾರಕ್ಕೆರಡು ದಿನ ಮೊಳಕಾಲ್ಮುರಿನ ಶಾಖೆಗೆ ಹೋಗಬೇಕಿತ್ತು. ಇನ್‌ಸ್ಟ್ರಕ್ಟರ್ ಆಗಿ ಸೇರಿ ಇನ್‌ಸ್ಟ್ರಕ್ಟರ್ ಆಗಿಯೇ ಸ್ವಯಂ ನಿವೃತ್ತಿ ತೆಗೆದುಕೊಂಡೆ, ಆ ಕಥೆ ಅಲ್ಲಿಗೆ ಮುಗಿಯಿತು. ಕಲಿಸುತ್ತಿದ್ದುದು ಡೇಟಾಬೇಸ್. ಹೆಸರು ಕೇಳಿದರೆ ಭಾರಿಯಾಗಿ ಕಾಣುತ್ತದೆ. ನೂರಾರು ಸಾಲುಗಳ ಪಟ್ಟಿಯೊಂದು ಯಂತ್ರದೊಳಗೆ ಇರುತ್ತದೆ. ನಮಗೆ ಬೇಕಾದ ಸಾಲು ಯಾವುದು ಎಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಕೇಳಬೇಕು. ಆ ಕೇಳುವಿಕೆಗೆ ಕ್ವೆರಿ ಅನ್ನುತ್ತಾರೆ. ಷರತ್ತು ಹಾಕಿ ಕೇಳಿದರೆ ಬೇಕಾದ ಸಾಲು ಮಾತ್ರ ಬರುತ್ತದೆ. ಷರತ್ತು ಮರೆತರೆ ಇಡೀ ಪಟ್ಟಿಯೇ ಮೈಮೇಲೆ ಬೀಳುತ್ತದೆ.

ಮೊದಮೊದಲು ಅಭ್ಯಾಸದ ಪಟ್ಟಿಯನ್ನು ನಾನೇ ಮಾಡುತ್ತಿದ್ದೆ. ತರಗತಿಯ ಮಕ್ಕಳದೇ ಹೆಸರು, ಅವರದೇ ಊರು, ಅವರು ಬರುವ ಬಸ್ಸು. 'ರಾಂಪುರದ ಬಸ್ಸಿಗೆ ಹೋಗುವವರು ಯಾರು?' ಎಂದು ಕ್ವೆರಿ ಬರೆಸುವುದು. ಉತ್ತರದಲ್ಲಿ ಹೆಸರು ಬಂದವರು ಎದ್ದು ನಿಲ್ಲುವುದು. ಒಬ್ಬ ಹುಡುಗ ಊರು ತಿದ್ದುವ ಪಾಠದಲ್ಲಿ ಷರತ್ತು ಹಾಕುವುದನ್ನು ಮರೆತ. ಒಂದು ಗುಂಡಿ ಒತ್ತಿದ್ದಕ್ಕೆ ತರಗತಿಯವರೆಲ್ಲರ ಊರೂ ರಾಂಪುರ ಆಗಿಹೋಯಿತು.

"ಮೇಡಂ, ಇವತ್ತು ನಾವೆಲ್ಲ ಇವನ ಮನೆಗೇ ಹೋಗ್ಬೇಕಾ?" ಎಂದು ಹಿಂದಿನ ಬೆಂಚಿನವಳು ಕೇಳಿದಳು.

"ಬರ್ರಿ, ನಮ್ಮವ್ವ ಹೊಡೀತಾಳೆ ಅಷ್ಟೇ," ಎಂದ ಆ ಹುಡುಗ. ಅವನೂ ನಕ್ಕ, ನಾವೂ ನಕ್ಕೆವು. ಅವನು ಮತ್ತೆಂದೂ ಷರತ್ತು ಮರೆಯಲಿಲ್ಲ.

ಆಮೇಲೆ ಪದ್ಧತಿ ಬದಲಾಯಿತು. ನಮ್ಮ ಕೇಂದ್ರದ ಮುಖ್ಯಸ್ಥರು ಶಿವಪ್ರಕಾಶ್ ಸಾರ್ ಸಿದ್ಧ ಅಭ್ಯಾಸಗಳನ್ನು ತರಿಸಿದರು. ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಮಕ್ಕಳು ಕ್ವೆರಿ ಬರೆಯುತ್ತಾರೆ, ಅಂಕವನ್ನು ಯಂತ್ರವೇ ಹಾಕುತ್ತದೆ. "ಮೇಡಂ, ಇನ್ನು ಬೋರ್ಡಿನ ಮೇಲೆ ಬಸ್ಸಿನ ಟೈಮು ಬರೆಯೋದು ಸಾಕು," ಎಂದರು. ಅವನ್ನು ಮಾಡಿದವನು ನಿಖಿಲ್ ಎಂಬ ಪ್ರೋಗ್ರಾಮರ್. ಜೋಡಿಸಿಕೊಡಲು ಅವನೇ ಒಮ್ಮೆ ಚಳ್ಳಕೆರೆಗೆ ಬಂದಿದ್ದ. ಹಸನ್ಮುಖದ ಹುಡುಗ. ನಾನು ಮಂಡಕ್ಕಿ ಒಗ್ಗರಣೆ ಮಾಡಿಕೊಂಡು ಹೋಗಿದ್ದೆ. ಎರಡು ಸಲ ಹಾಕಿಸಿಕೊಂಡು ತಿಂದ.

ಅವನು ಅಭ್ಯಾಸದೊಳಗೆ ನಗೆಯನ್ನು ಬಚ್ಚಿಟ್ಟಿದ್ದ. ಪ್ರಶ್ನೆ ಓದಿದರೆ ಕಾಣುವುದಿಲ್ಲ; ಕ್ವೆರಿ ಸರಿಯಾಗಿ ಬರೆದು ಓಡಿಸಿದರೆ ಉತ್ತರದ ಸಾಲಿನಲ್ಲಿ ಹೊರಬೀಳುತ್ತದೆ. ಪ್ರೋಗ್ರಾಮರ್‌ಗಳಲ್ಲಿ ಇದು ಹಳೆಯ ಚಾಳಿ. ತಮ್ಮಂಥ ಇನ್ನೊಬ್ಬನು ಯಾವಾಗಲೋ ಅಗೆದು ನೋಡಿ ನಗಲಿ ಎಂದು ಏನಾದರೊಂದು ಹುಗಿದಿಡುತ್ತಾರೆ. ನನಗೆ ಅದರ ಮೇಲೆ ಕೋಪವಿರಲಿಲ್ಲ. ಮೊದಲನೆಯ ಅಭ್ಯಾಸದಲ್ಲಿ ಒಂದು ಆಫೀಸಿನ ಪಟ್ಟಿ ಇತ್ತು. 'ದಿನವೂ ತಡವಾಗಿ ಬರುವವರು ಯಾರು?' ಎಂದು ಕೇಳಿದರೆ ಒಂದೇ ಸಾಲು ಬರುತ್ತಿತ್ತು: ಮ್ಯಾನೇಜರ್. ಕಾರಣ ಎಂಬ ಜಾಗದಲ್ಲಿ 'ಕೇಳುವವರು ಯಾರು?' ಎಂದಿತ್ತು. 'ಒಂದು ದಿನವೂ ರಜೆ ಹಾಕದ ನೌಕರರು?' ಎಂದು ಕೇಳಿದರೆ 'ಸೀಲಿಂಗ್ ಫ್ಯಾನು, ಕರೆಂಟು ಹೋದ ದಿನ ಬಿಟ್ಟು' ಎಂದು ಬರುತ್ತಿತ್ತು. ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಿದ್ದೇನೆ. ಮನೆಗೆ ಬಂದು ಇವರಿಗೂ ಹೇಳಿದ್ದೇನೆ. ಹಾಗಾಗಿ, ಈ ಹೆಂಗಸಿಗೆ ನಗು ಅಂದರೆ ಆಗುವುದಿಲ್ಲ ಎಂದು ಶಿವಪ್ರಕಾಶ್ ಸಾರ್ ಊರೆಲ್ಲ ಹೇಳಿಕೊಂಡು ಬಂದದ್ದು ಶುದ್ಧ ಸುಳ್ಳು.

ನಾಲ್ಕನೆಯದೋ ಐದನೆಯದೋ ಅಭ್ಯಾಸಕ್ಕೆ ಬಂದಾಗ ನಗೆಯ ಮುಖ ತಿರುಗಿತು. ಷರತ್ತು ಮರೆತು ಗುಂಡಿ ಒತ್ತಿದರೆ ಪರದೆ ಕೆಂಪಾಗಿ, ಒಂದು ಕುರಿಯ ಚಿತ್ರ ಬಂದು, 'ನಿಮಗೆ ಇದು ಬೇಡ. ಹೋಗಿ ಕುರಿ ಕಾಯಿರಿ' ಎಂದು ದಪ್ಪಕ್ಷರದಲ್ಲಿ ಮೂಡುತ್ತಿತ್ತು. ಜೊತೆಗೆ ಬ್ಯಾ ಎಂಬ ಸದ್ದು. ಮೊದಲ ದಿನ ಆ ಸದ್ದು ಬಂದದ್ದು ಪಾಲಯ್ಯನ ಕಂಪ್ಯೂಟರಿನಿಂದ. ಪಾಲಯ್ಯ ದೊಡ್ಡಉಳ್ಳಾರ್ತಿಯವನು. ಅವರದು ಕುರಿ ಕಾಯುವ ಮನೆ. ತರಗತಿಗೆ ಅದು ಗೊತ್ತು. ಎಲ್ಲರೂ ನಕ್ಕರು. ಅವನು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪರದೆಯ ಹತ್ತಿರ ಮುಖ ತಂದು ನೋಡಿ, ನನ್ನನ್ನು ಕರೆದ.

"ಮೇಡಂ, ನಾನು ಕುರಿಯೋರ ಮನೆ ಹುಡುಗ ಅಂತ ಇದಕ್ಕೆ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲಪ್ಪ. ತಪ್ಪು ಮಾಡಿದೋರಿಗೆಲ್ಲ ಹಂಗೇ ಬರುತ್ತೆ."

"ಎಲ್ರಿಗೂನಾ?" ಎಂದು ಪರದೆಯ ಕುರಿಯನ್ನು ಇನ್ನೊಮ್ಮೆ ನೋಡಿದ. "ಹಂಗಾದ್ರೆ ತಪ್ಪು ಮಾಡಿದೋರು ಮಾಡೋ ಕೆಲ್ಸ ನಮ್ಮಪ್ಪ ಮಾಡೋದು. ಆತು ಬಿಡ್ರಿ. ಕುರಿ ಕಾಯಾಕೆ ಹೋಗು ಅಂತೈತಲ್ಲ, ಎಲ್ಲಿಗೆ ಹೋಗ್ಲಿ ಅಂತ ಕೇಳ್ರಿ ಇದುನ್ನ. ಕುರಿ ಮೇಯೋ ಕಾವಲಿಗೆಲ್ಲ ಬೇಲಿ ಹಾಕ್ಯಾರೆ."

ಈ ಸಲ ಯಾರೂ ನಗಲಿಲ್ಲ. ಪಾಲಯ್ಯ ತರಗತಿ ಬಿಡಲಿಲ್ಲ, ಪರೀಕ್ಷೆಯನ್ನೂ ಮುಗಿಸಿದ. ಆದರೆ ಅಲ್ಲಿಂದ ಮುಂದೆ ಪ್ರತಿ ಸಲ ಗುಂಡಿ ಒತ್ತುವ ಮೊದಲು ಸ್ಪೀಕರಿನ ವೈರು ಕಿತ್ತಿಡುತ್ತಿದ್ದ.

ಇನ್ನೊಂದು, ಎರಡು ಪಟ್ಟಿಗಳನ್ನು ಜೋಡಿಸುವ ಪಾಠ. ಒಂದು ಪಟ್ಟಿ ಗಂಡುಗಳದು, ಒಂದು ಹೆಣ್ಣುಗಳದು. 'ಜೋಡಿ ಸಿಗದೆ ಉಳಿದವರು ಯಾರು?' ಎಂದು ಕೇಳಿದರೆ ಒಂದು ಹೆಣ್ಣಿನ ಹೆಸರು ಬಂದು, ಪಕ್ಕದಲ್ಲಿ 'ಹೊಂದಿಕೊಂಡು ಹೋಗುವ ಗುಣವಿಲ್ಲ' ಎಂದು ಬರುತ್ತಿತ್ತು. ಗಂಡನ ಮನೆಯಿಂದ ಹಿಂದಿರುಗಿ ತವರಿನಲ್ಲಿದ್ದ ಒಬ್ಬಳು ಆ ಬ್ಯಾಚಿನಲ್ಲಿದ್ದಳು. ಅವಳು ಉತ್ತರ ಸರಿಯಾಗಿಯೇ ತಂದಳು. ತಂದು, ಓದಿ, ಕೈ ಚಾಚಿ ಪರದೆಯನ್ನಷ್ಟೇ ಆರಿಸಿದಳು. ಗಂಟೆ ಹೊಡೆಯುವವರೆಗೆ ಆ ಕಪ್ಪು ಗಾಜನ್ನೇ ನೋಡುತ್ತ ಕೂತಿದ್ದಳು. ಅವಳ ಅಭ್ಯಾಸಕ್ಕೆ ಯಂತ್ರ ಪೂರ್ತಿ ಅಂಕ ಕೊಟ್ಟಿತ್ತು.

ನಾನು ಶಿವಪ್ರಕಾಶ್ ಸಾರ್ ಹತ್ತಿರ ಹೋದೆ. ಅವರು ನಿಖಿಲ್‌ಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಮೇಡಂ, ಅದು ಜನರಲ್ ಆಗಿ ಹೇಳೋ ಮಾತಲ್ವಾ? ಯಾರನ್ನೂ ಉದ್ದೇಶಿಸಿ ಹಾಕಿಲ್ಲ," ಎಂದ ಅವನು. "ಬೇರೆ ಕಡೆ ಎಲ್ಲ ತುಂಬಾ ಎಂಜಾಯ್ ಮಾಡ್ತಾರೆ."

"ಬೇರೆ ಕಡೆ ಕುರಿ ಇಲ್ಲ ಅನ್ಸುತ್ತೆ ಕಣಪ್ಪ. ಇಲ್ಲಿ ಐತೆ," ಎಂದೆ.

ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿದ್ದಲ್ಲ.

"ಮೇಡಂ, ನಿಮಗೆ ಹಾಸ್ಯಪ್ರಜ್ಞೆ ಸ್ವಲ್ಪ ಕಮ್ಮಿ," ಎಂದರು ಸಾರ್ ಫೋನು ಇಟ್ಟು. "ಮಕ್ಕಳಿಗೆ ಬೋರ್ ಆಗಬಾರದು ಅಂತ ಹಾಕಿರೋದು. ಮಾರ್ಕ್ಸ್ ಬರ್ತಾ ಇದಾವಲ್ಲ, ಇನ್ನೇನು?"

ಹೊಸದಾಗಿ ಬರುವವರಿಗೆ ಒಂದು ಮಾತು. ಮೇಲಿನವರು 'ನಿಮಗೆ ಹಾಸ್ಯಪ್ರಜ್ಞೆ ಕಮ್ಮಿ' ಎಂದರೆ, ನೀವು ಹೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿದೆ ಎಂದು ತಿಳಿಯಿರಿ. ಕೇಳಿಸದೇ ಇದ್ದಿದ್ದರೆ 'ನೋಡೋಣ ಮೇಡಂ' ಅನ್ನುತ್ತಿದ್ದರು.

ಈಗ ತಿಪ್ಪಮ್ಮರ ವಿಷಯಕ್ಕೆ ಬರುತ್ತೇನೆ. ನಿಖಿಲ್ ಬಂದಿದ್ದ ದಿನವೇ ಅದರ ಬೀಜ ಬಿದ್ದಿತ್ತು. ಮಂಡಕ್ಕಿ ತಿನ್ನುತ್ತ ನನ್ನ ಹಾಜರಿ ಪುಸ್ತಕ ತಿರುವಿದ. ಒಂದೇ ಬ್ಯಾಚಿನಲ್ಲಿ ಐದು ಜನ ತಿಪ್ಪೇಸ್ವಾಮಿಗಳು.

"ಏನ್ ಮೇಡಂ ಇದು, ಕಾಪಿ ಪೇಸ್ಟಾ?"

ಪಾಪ, ಹೊರಗಿನ ಹುಡುಗ, ಗೊತ್ತಿಲ್ಲ ಎಂದುಕೊಂಡು ನಿಧಾನವಾಗಿ ತಿಳಿಸಿಕೊಟ್ಟೆ. ನಮ್ಮ ಕಡೆ ಹಟ್ಟಿಯ ತಿಪ್ಪೇಸ್ವಾಮಿ ದೇವರಿಗೆ ಹರಕೆ ಹೊತ್ತು ಮಕ್ಕಳನ್ನು ಪಡೆಯುತ್ತಾರೆ. ಹುಟ್ಟಿದ್ದು ಗಂಡಾದರೆ ತಿಪ್ಪೇಸ್ವಾಮಿ, ಹೆಣ್ಣಾದರೆ ತಿಪ್ಪಮ್ಮ. ಒಂದೇ ಮನೆಯಲ್ಲಿ ಅಜ್ಜ, ದೊಡ್ಡಪ್ಪನ ಮಗ, ಮೊಮ್ಮಗ ಮೂವರಿಗೂ ಅದೇ ಹೆಸರು ಇರುವುದುಂಟು. ಬೀದಿಯಲ್ಲಿ ಆಗಲೇ ಎಷ್ಟು ಜನ ಇದ್ದಾರೆ ಎಂದು ಎಣಿಸಿ ನೋಡಿಕೊಂಡು ಯಾವ ತಾಯಿಯೂ ಹರಕೆ ಹೊರುವುದಿಲ್ಲ. ತಿಪ್ಪೇಸ್ವಾಮಿಯನ್ನು ಮದುವೆಯಾದ ತಿಪ್ಪಮ್ಮಂದಿರಿಗಂತೂ ಲೆಕ್ಕವಿಲ್ಲ. ಕರೆಯುವಾಗ ಮೂಲೆಮನೆಯೋಳು, ಬಾವಿಕಟ್ಟೆಯೋಳು ಎಂದು ಗುರುತು ಹಚ್ಚಿ ಕರೆಯುತ್ತಾರೆ, ಯಾರಿಗೂ ತೊಡಕಾಗುವುದಿಲ್ಲ.

"ಸೂಪರ್ ಮೇಡಂ," ಎಂದು ಫೋನಿನಲ್ಲಿ ಗುರುತು ಹಾಕಿಕೊಂಡ. ಇಷ್ಟು ಆಸಕ್ತಿಯಿಂದ ಕೇಳಿದನಲ್ಲ ಎಂದು ನನಗೆ ಸಂತೋಷವೇ ಆಗಿತ್ತು.

ಮುಂದಿನ ಸಲದ ಅಭ್ಯಾಸಗಳಲ್ಲಿ ಅದು ಬಂತು. ಒಂದು ಊರಿನ ಪಟ್ಟಿ. ಸಾಲುಸಾಲು ತಿಪ್ಪೇಸ್ವಾಮಿ, ತಿಪ್ಪಮ್ಮ. ಪ್ರಶ್ನೆ: 'ಯಾರೋ ಸೋಮಾರಿ ಗುಮಾಸ್ತ ಒಂದೇ ಹೆಸರನ್ನು ಮತ್ತೆ ಮತ್ತೆ ಬರೆದಿದ್ದಾನೆ. ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಬೀದಿ ಮೂರೂ ಒಂದೇ ಆಗಿದ್ದರೆ ಒಂದು ಸಾಲು ಉಳಿಸಿ, ಮಿಕ್ಕವನ್ನು ಅಳಿಸಿ.' ಸರಿಯಾಗಿ ಅಳಿಸಿದರೆ ಚಪ್ಪಾಳೆಯ ಸದ್ದು ಬಂದು, 'ಶಭಾಷ್! ಒಂದೇ ಏಟಿಗೆ ಊರು ಖಾಲಿ!' ಎಂದು ಮೂಡುತ್ತಿತ್ತು.

ನನ್ನ ತರಗತಿಯಲ್ಲಿ ಅದನ್ನು ನೋಡಿ ಎಲ್ಲರಿಗಿಂತ ಜಾಸ್ತಿ ನಕ್ಕವರು ತಿಪ್ಪೇಸ್ವಾಮಿಗಳೇ. "ಲೇ, ನೀನು ಹೋದೆ ಕಣಲೇ, ನಾನೊಬ್ನೇ ಉಳ್ಕಂಡೆ," ಎಂದು ಒಬ್ಬರ ಬೆನ್ನಿಗೆ ಒಬ್ಬರು ಗುದ್ದಿಕೊಂಡರು. ನಗುವುದೆಲ್ಲ ಮುಗಿದ ಮೇಲೆ ನಾನು ಬೋರ್ಡಿನ ಹತ್ತಿರ ಹೋಗಿ, ಈ ಅಭ್ಯಾಸದ ಉತ್ತರ ನಮ್ಮ ಸೀಮೆಯಲ್ಲಿ ತಪ್ಪು, ಇಲ್ಲಿ ಹೆಸರು ಒಂದೇ ಆದರೆ ಮನುಷ್ಯರು ಒಬ್ಬರೇ ಅಲ್ಲ, ಪ್ರತಿಯೊಬ್ಬರಿಗೂ ಬೇರೆ ನಂಬರು ಕೊಟ್ಟು ಆ ನಂಬರಿನಿಂದಲೇ ಗುರುತಿಸಬೇಕು ಎಂದು ಬಿಡಿಸಿ ಹೇಳಿದೆ. ಆ ಬ್ಯಾಚಿನ ಮಕ್ಕಳು ಯಾರೂ ಎಲ್ಲಿಯೂ ಯಾರನ್ನೂ ಅಳಿಸಿಲ್ಲ. ಈ ಪಾಠವನ್ನು ತೆಗೆಯಿರಿ ಎಂದು ಸಾರ್‌ಗೂ ಹೇಳಿದೆ. "ನೋಡೋಣ ಮೇಡಂ," ಎಂದರು.

ಆ ವರ್ಷವೇ ನನ್ನ ಮಂಡಿನೋವು ಹೆಚ್ಚಾಗಿ ಬಸ್ಸು ಹತ್ತಿ ಇಳಿಯುವುದು ಆಗದೆ ಕೆಲಸ ಬಿಟ್ಟೆ. ಲಕ್ಷ್ಮೀದೇವಿ ಆಗ ಮೊಳಕಾಲ್ಮುರು ಶಾಖೆಯ ಬ್ಯಾಚಿನಲ್ಲಿದ್ದಳು, ಅರ್ಧ ಪಾಠ ಆಗಿತ್ತು. ನನ್ನ ಜಾಗಕ್ಕೆ ಬೇರೆ ಯಾರನ್ನೂ ತರಲಿಲ್ಲ. "ಎಲ್ಲ ಪರದೆ ಮೇಲೇ ಐತಲ್ಲ, ಮಕ್ಕಳು ತಾವೇ ಕಲಿತಾರೆ," ಎಂದರಂತೆ ಸಾರ್. ತಾವೇ ಕಲಿತರು. ಬೋರ್ಡಿನ ಹತ್ತಿರ ಹೋಗಿ ಇದು ನಮ್ಮಲ್ಲಿ ತಪ್ಪು ಎನ್ನುವವರು ಇರಲಿಲ್ಲ, ಅಷ್ಟೇ. ಲಕ್ಷ್ಮೀದೇವಿಗೆ ಚಪ್ಪಾಳೆ ಬಿತ್ತು, ಶಭಾಷ್ ಬಂತು, ಸರ್ಟಿಫಿಕೇಟೂ ಬಂತು.

ಅವಳದು ತೆಲುಗು ಮಾತಾಡುವ ನೇಕಾರರ ಮನೆ. ಮನೆಯಲ್ಲಿ ಎರಡು ಮಗ್ಗ. ಒಂದರಲ್ಲಿ ಗಂಡ ಕೂರುತ್ತಾನೆ, ಇನ್ನೊಂದರಲ್ಲಿ ಅತ್ತೆ. ಇವಳಿಗೆ ಹೆರಿಗೆಯಾದ ಮೇಲೆ ಬೆನ್ನು ನೋವು, ಮಗ್ಗದಲ್ಲಿ ಕೂರಲಾಗದು. 'ಮನೇಲಿ ಕೂತು ತಿನ್ನೋಳು' ಎಂಬ ಮಾತು ಕೇಳಿ ಕೇಳಿ ಸಾಕಾಗಿ ಕಂಪ್ಯೂಟರ್ ಕಲಿಯಲು ಬಂದವಳು. ಸಂಘದಲ್ಲಿ ಕೆಲಸ ಸಿಕ್ಕ ದಿನ ನನಗೆ ಫೋನು ಮಾಡಿ, "ಟೀಚರ್, ಇವತ್ತು ನಮ್ಮತ್ತಮ್ಮ ನನ್ನ ತಟ್ಟೆಗೆ ತುಪ್ಪ ಹಾಕಿದ್ರು," ಎಂದು ಹೇಳಿದ್ದಳು. ಆ ಕೆಲಸ ಅವಳಿಗೆ ಏನಾಗಿತ್ತು ಎಂಬುದು ಅಷ್ಟರಲ್ಲೇ ಇದೆ.

ಸಂಘದಲ್ಲಿ ರೇಷ್ಮೆ ನೂಲು ಹಂಚುವ ಮೊದಲು ಕಾರ್ಯದರ್ಶಿ ಅವಳಿಗೆ, "ಪಟ್ಟಿ ಬಾಳ ಗಲೀಜಾಗೈತೆ, ಒಂದೇ ಹೆಸ್ರು ಎರಡೆರಡು ಸಲ ಐದಾವೆ, ಕ್ಲೀನ್ ಮಾಡಮ್ಮ," ಎಂದರು. ಅವಳು ಕಲಿತದ್ದನ್ನೇ ಮಾಡಿದಳು. ಹೆಸರು ತಿಪ್ಪಮ್ಮ, ಗಂಡ ತಿಪ್ಪೇಸ್ವಾಮಿ, ಬೀದಿ ಒಂದೇ. ಮೂರು ಸಾಲುಗಳಲ್ಲಿ ಮೊದಲನೆಯದು ಉಳಿಯಿತು. ಅಳಿಸಿಹೋದ ಎರಡರಲ್ಲಿ ಒಂದು ಅವಳ ಅತ್ತೆಯದೇ.

ನೀವು ಕೇಳಬಹುದು, ಅತ್ತೆಯ ಹೆಸರು ಅವಳಿಗೆ ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು. ಉಳಿದ ಸಾಲನ್ನು ನೋಡಿ, ಇದೇ ನಮ್ಮತ್ತಮ್ಮ ಎಂದುಕೊಂಡಳು. ಪಟ್ಟಿಯಲ್ಲಿ ಮೂಲೆಮನೆ, ಬಾವಿಕಟ್ಟೆ ಎಂದು ಎಲ್ಲಿ ಬರೆದಿರುತ್ತಾರೆ?

ನೂಲು ಹಂಚುವ ದಿನ ಮೂರು ಜನ ತಿಪ್ಪಮ್ಮರೂ ಸಾಲಿನಲ್ಲಿ ನಿಂತರು. ಮೊದಲು ಬಂದವಳಿಗೆ ನೂಲು ಸಿಕ್ಕಿತು. ಎರಡನೆಯವಳಿಗೆ, "ನಿಂದು ಆಗಲೇ ಕೊಟ್ಟಾಯ್ತಲ್ಲಮ್ಮ," ಎಂದರು. ಮೂರನೆಯವಳು ಲಕ್ಷ್ಮೀದೇವಿಯ ಅತ್ತೆ. ಆಕೆ ಬಗ್ಗಿ ಸೊಸೆಯ ಕಂಪ್ಯೂಟರಿನೊಳಗೆ ಇಣುಕಿ, "ಏಮೇ, ನೇನು ಲೇನಾ ಇಂದುಲೋ? ಇಲ್ಲೇ ನಿಂತೀನಿ, ಇದರಾಗೆ ಇಲ್ವಾ ನಾನು?" ಎಂದು ಕೇಳಿದರಂತೆ. ಸುತ್ತ ನಿಂತವರೆಲ್ಲ ನಕ್ಕರು.

ಹಳೆಯ ಪಟ್ಟಿಯ ನಕಲು ಇತ್ತು. ಎರಡು ದಿನದಲ್ಲಿ ಹೆಸರುಗಳು ವಾಪಸು ಬಂದವು, ನೂಲೂ ಸಿಕ್ಕಿತು. ಅಷ್ಟು ದಿನ ಎರಡು ಮನೆಯಲ್ಲಿ ಉದ್ದದ ಹಾಸು ಇದ್ದು ಅಡ್ಡದ ಹೊಕ್ಕಿಗೆ ನೂಲಿಲ್ಲದೆ ಮಗ್ಗ ನಿಂತಿತ್ತು. ನಷ್ಟ ಅಷ್ಟೇ. ಆದರೆ ಸೊಸೆ ಕಂಪ್ಯೂಟರಿನಲ್ಲಿ ಅತ್ತೆಯನ್ನೇ ಅಳಿಸಿದಳು ಎಂಬ ಮಾತು ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯವರೆಗೂ ಹೋಯಿತು. ಮನೆಯಲ್ಲಿ ಅತ್ತೆ ಚೆನ್ನಾಗಿ ಬೈದು, ಆಮೇಲೆ ಮಾತು ಬಿಟ್ಟರು. ಸಂಘದವರಿಗೆ ಯಾರ ಮೇಲಾದರೂ ಹೊರಿಸಬೇಕಿತ್ತು. ಕ್ಲೀನ್ ಮಾಡು ಎಂದ ಕಾರ್ಯದರ್ಶಿ ತಾವು ಹಾಗೆ ಅನ್ನಲೇ ಇಲ್ಲ ಎಂದರು. ಲಕ್ಷ್ಮೀದೇವಿಯನ್ನು ತೆಗೆಯುವ ಮಾತು ಬಂದು, ಸಭೆ ಕರೆದರು. ತರಬೇತಿ ಕೊಟ್ಟವರೂ ಬರಲಿ ಎಂದು ಶಿವಪ್ರಕಾಶ್ ಸಾರ್‌ಗೆ ಹೇಳಿ ಕಳಿಸಿದರು. ನನ್ನನ್ನು ಯಾರೂ ಕರೆಯಲಿಲ್ಲ. ಅವಳು ಫೋನಿನಲ್ಲಿ ಅಳುತ್ತಿದ್ದಳು, ಮಂಡಿಗೆ ಪಟ್ಟಿ ಬಿಗಿದುಕೊಂಡು ನಾನೇ ಹೋದೆ.

ಕೋಣೆಯಲ್ಲಿ ಸಂಘದ ಅಧ್ಯಕ್ಷರು, ಕಾರ್ಯದರ್ಶಿ, ಇಬ್ಬರು ಸದಸ್ಯರು ಕೂತಿದ್ದರು, ಒಂದು ಪಕ್ಕಕ್ಕೆ ಶಿವಪ್ರಕಾಶ್ ಸಾರ್. ಅಧ್ಯಕ್ಷರು ವಯಸ್ಸಾದ ನೇಕಾರರು, ಕಡಿಮೆ ಮಾತು. ಲಕ್ಷ್ಮೀದೇವಿ ಗೋಡೆಗೆ ಒರಗಿ ನಿಂತಿದ್ದಳು. ಬಾಗಿಲ ಹೊರಗೆ ಜಗಲಿಯ ಮೇಲೆ ಮೂರು ಜನ ಹೆಂಗಸರು ಕೂತು ಎಲೆಯಡಿಕೆ ಹಾಕುತ್ತಿದ್ದರು. ಒಬ್ಬರ ಹೆಸರು ಕೇಳಿದೆ, ತಿಪ್ಪಮ್ಮ ಎಂದರು. ಉಳಿದಿಬ್ಬರದನ್ನು ಕೇಳಲಿಲ್ಲ.

ನನಗೆ ಮಾತಾಡಲು ಬಿಟ್ಟರು. ಮೇಲೆ ಬರೆದದ್ದನ್ನೆಲ್ಲ ಇದಕ್ಕಿಂತ ಚಿಕ್ಕದಾಗಿ ಹೇಳಿದೆ. ಈ ಹುಡುಗಿ ಮಾಡಿದ್ದು ಅವಳ ಪಾಠದಲ್ಲಿ ಪೂರ್ತಿ ಅಂಕ ಬಂದ ಉತ್ತರ, ಪಾಠವೇ ತಪ್ಪು, ತಪ್ಪು ಎಂದು ನಾನು ಮೊದಲೇ ಹೇಳಿದ್ದೆ, ಅದನ್ನು ಬರೆದವನು ನಮ್ಮ ಹೆಸರುಗಳನ್ನು ಕಂಡು ನಕ್ಕು ಬರೆದದ್ದು, ಆ ನಗೆಗೆ ಇವಳ ಕೆಲಸ ಹೋಗಬಾರದು ಎಂದೆ. ನನ್ನ ಧ್ವನಿ ಏರಿತ್ತು. ಏರಲಿ ಎಂದೇ ಬಿಟ್ಟೆ.

ಅಧ್ಯಕ್ಷರು ಶಿವಪ್ರಕಾಶ್ ಸಾರ್ ಕಡೆ ನೋಡಿದರು. ಸಾರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

"ಮೇಡಂ ಸ್ವಲ್ಪ ಸೀರಿಯಸ್ ಆಗಿ ತಗೊಂಡಿದಾರೆ. ಅದು ಮಕ್ಕಳ ಅಭ್ಯಾಸಕ್ಕೆ ಇಟ್ಟಿರೋ ಒಂದು ತಮಾಷೆ. ಅದನ್ನ ತಗೊಂಡು ಬಂದು ನಿಜವಾದ ಪಟ್ಟಿ ಮೇಲೆ ಓಡಿಸಿದ್ರೆ ನಾವೇನು ಮಾಡೋಣ? ಆದ್ರೂ ಒಂದು ಒಳ್ಳೇದಾಯ್ತು. ನಿನ್ನೆ ನಮ್ಮ ನಿಖಿಲ್‌ಗೆ ಇದನ್ನ ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ. ಮುಂದಿನ ಅಭ್ಯಾಸಗಳಲ್ಲಿ ಇದನ್ನೇ ಹಾಕ್ತಾನಂತೆ. 'ಲಕ್ಷ್ಮೀದೇವಿ ತನ್ನ ಅತ್ತೆಯನ್ನು ಅಳಿಸಿದಳು. ಅತ್ತೆಯನ್ನು ವಾಪಸು ತರಬೇಕೋ ಬೇಡವೋ?' ಅಂತ ಪ್ರಶ್ನೆ."

ಕಾರ್ಯದರ್ಶಿ ಮೊದಲು ನಕ್ಕರು. ಇಬ್ಬರು ಸದಸ್ಯರೂ ನಕ್ಕರು. ಅಧ್ಯಕ್ಷರ ಮೀಸೆಯ ಅಂಚೂ ಅಲುಗಿತು. ಲಕ್ಷ್ಮೀದೇವಿ ತಲೆ ತಗ್ಗಿಸಿದಳು. ಒಬ್ಬಳ ಅನ್ನ ಹೋಗುತ್ತಿರುವ ಹೊತ್ತಿನಲ್ಲಿ, ಅವಳ ಎದುರಿಗೇ, ಅವಳ ಹೆಸರು ಹಿಡಿದು, ಅದನ್ನೂ ಪರದೆಯ ಹಿಂದೆ ಹುಗಿಯಲು ತಯಾರಾಗಿದ್ದರು.

ಹೊರಗಿನ ಜಗಲಿಯಿಂದ ಒಂದು ದನಿ ಬಂತು. "ಏಮಂಟಾಡೇ ಆಯಪ್ಪ?" ಏನಂತಾನೆ ಆ ಮನುಷ್ಯ ಎಂದು ಕೇಳಿದ್ದು ಸೊಸೆಯನ್ನು. ಎಷ್ಟೋ ದಿನದಿಂದ ಬಿಟ್ಟಿದ್ದ ಮಾತು ಅದು.

ಲಕ್ಷ್ಮೀದೇವಿ ನನ್ನ ಕಡೆ ನೋಡಿದಳು. ನಾನು ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ.

ಅತ್ತೆ ತಿಪ್ಪಮ್ಮ ಎದ್ದು ಒಳಗೆ ಬಂದರು. ಉಳಿದಿಬ್ಬರು ತಿಪ್ಪಮ್ಮರೂ ಹಿಂದೆಯೇ ಬಂದರು. ಯಾರೂ ಕೂರಿ ಎನ್ನಲಿಲ್ಲ, ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಮೂವರೂ ಕೂತರು.

"ನಗ್ರಪ್ಪ," ಎಂದರು ಆಕೆ. "ಇನ್ನೂ ಉಳಿದಿದ್ರೆ ನಗ್ರಿ. ನಮಗೇನ್ ಅವಸರ ಇಲ್ಲ. ನಕ್ಕಾದ್ಮೇಲೆ ನನ್ನ ಸೊಸೆ ಕೆಲ್ಸಕ್ಕೆ ಯಾವ ದಿನದಿಂದ ಬರ್ಬೇಕು ಅಂತ ಹೇಳ್ರಿ. ಕೇಳ್ಕಂಡು ಹೋಗ್ತೀವಿ."

ಕಾರ್ಯದರ್ಶಿ, "ನಿನ್ನ ಹೆಸ್ರೇ ಅಳಿಸಿದಾಳಲ್ಲಮ್ಮ, ನೀನೇ ಹಿಂಗಂದ್ರೆ ಹೆಂಗೆ?" ಎಂದರು.

"ಅಳಿಸಿದ್ದು ನನ್ನನ್ನ. ಬೈಯೋಳು ನಾನು. ಮನೇಲಿ ಬೈದೀನಿ, ಇನ್ನೂ ಬೈತೀನಿ. ನಿಂದೇನ್ ಹೋಯ್ತು ನಡುವೆ?"

"ಹೂಂ ಮತ್ತೆ," ಎಂದರು ಪಕ್ಕದ ತಿಪ್ಪಮ್ಮ. "ನಂದೂ ಅಳಿಸಿತ್ತು. ನಾನು ಬೈಯಲ್ಲ. ನನಗೆ ಬಿ.ಪಿ. ಐತೆ."

ಮೂರನೆಯವರು ಹೆಸರು ಅಳಿಸಿಹೋಗದೇ ಉಳಿದಿದ್ದ ತಿಪ್ಪಮ್ಮ. ಅವರಿಗೆ ಹೇಳಲು ಏನೂ ಇರಲಿಲ್ಲ. ಆದರೂ ಎದ್ದು ಹೋಗಲಿಲ್ಲ, ಕಾಲು ಚಾಚಿ ಇನ್ನೂ ಸರಿಯಾಗಿ ಕೂತರು.

ನಗಲು ಯಾರ ಬಳಿಯೂ ಏನೂ ಉಳಿದಿರಲಿಲ್ಲ. ಸಾರ್ ಫೋನು ನೋಡಿಕೊಂಡರು, ಹೊರಗೆ ಹೋಗಲು ಬಾಗಿಲಲ್ಲಿ ಜಾಗವಿರಲಿಲ್ಲ. ಕೊನೆಗೆ ಅಧ್ಯಕ್ಷರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

"ಸೋಮವಾರದಿಂದ ಬರ್ಲಿ ಬಿಡ್ರಿ," ಎಂದರು. "ಬಂದೋಳು ಮೊದ್ಲು ಎಲ್ರಿಗೂ ಒಂದೊಂದು ನಂಬರು ಕೊಟ್ಬಿಡ್ಲಿ."

"ಎಷ್ಟೊತ್ತಿಗೆ ಬರ್ಬೇಕು?" ಎಂದರು ಅತ್ತೆ. ಅದನ್ನೂ ಹೇಳಿಸಿಕೊಂಡೇ ಎದ್ದರು.

ಜಗಲಿಯಲ್ಲಿ ಸಾರ್ ಚಪ್ಪಲಿ ಹಾಕಿಕೊಳ್ಳುವಾಗ ನಾನು ಹಿಡಿದು ನಿಲ್ಲಿಸಿದೆ. ತಿಪ್ಪಮ್ಮರ ಪಾಠ ತೆಗೆಯಬೇಕು, ಕುರಿಯದೂ ತೆಗೆಯಬೇಕು, ಲಕ್ಷ್ಮೀದೇವಿಯ ಹೆಸರು ಎಲ್ಲಾದರೂ ಕಂಡರೆ ಈ ಮೂವರನ್ನೂ ಕರೆದುಕೊಂಡು ನಿಮ್ಮ ಕೇಂದ್ರದ ಬಾಗಿಲಿಗೆ ಬಂದು ಕೂರುತ್ತೇನೆ ಎಂದೆ. "ನೋಡೋಣ ಮೇಡಂ," ಎನ್ನಲು ಬಾಯಿ ತೆರೆದವರು, ನನ್ನ ಹಿಂದೆ ನಿಂತವರನ್ನು ನೋಡಿ, "ತೆಗೆಸ್ತೀನಿ," ಎಂದರು. ತೆಗೆಸುತ್ತಾರೋ ಇಲ್ಲವೋ ಗೊತ್ತಿಲ್ಲ. ನಾನಂತೂ ವಿಚಾರಿಸದೆ ಬಿಡುವುದಿಲ್ಲ.

ಈ ಕೆಲಸಕ್ಕೆ ಬರುವವರೇ, ಮಕ್ಕಳನ್ನು ನಗಿಸಿ. ನಗದ ತರಗತಿಯಲ್ಲಿ ಕ್ವೆರಿ ಕಲಿಸುವುದು ಕಲ್ಲಿಗೆ ನೀರು ಹೊಯ್ದಂತೆ. ಆದರೆ ಯಾರೋ ಸಿದ್ಧಮಾಡಿ ಕಳಿಸಿದ ಪಟ್ಟಿಯನ್ನು ಮಕ್ಕಳ ಮುಂದೆ ಇಡುವ ಮೊದಲು ಪ್ರತಿಯೊಂದು ಕ್ವೆರಿಯನ್ನೂ ನೀವೇ ಓಡಿಸಿ ನೋಡಿ. ಸರಿಯಾದ ಉತ್ತರವನ್ನೂ ಓಡಿಸಿ, ತಪ್ಪು ಉತ್ತರವನ್ನೂ ಓಡಿಸಿ. ಏನು ಹೊರಬೀಳುತ್ತದೆ ನೋಡಿ. ನಿಮ್ಮೆದುರು ಕೂತವರಲ್ಲಿ ಒಬ್ಬರೇ ಒಬ್ಬರು ಅದನ್ನು ಓದಿ ಪರದೆ ಆರಿಸುವಂತಿದ್ದರೆ, ನೀವೇ ಮೊದಲು ಆರಿಸಿಬಿಡಿ. ಹಾಸ್ಯಪ್ರಜ್ಞೆ ಕಮ್ಮಿ ಎಂದರೆ ಅನ್ನಿಸಿಕೊಳ್ಳಿ.

ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಅಡುಗೆಗೆ ಮನಸ್ಸಿರಲಿಲ್ಲ, ಆದರೂ ಮುದ್ದೆ ತಿರುವಿ, ಹುರುಳಿಕಾಳಿನ ಸಾರು ಮಾಡಿ, ಒಂದಿಷ್ಟು ಶೇಂಗಾ ಚಟ್ನಿ ಅರೆದೆ. ಊಟಕ್ಕೆ ಕೂತಾಗ ಮನೆಯವರು, "ಏನಾತೇ ಅಲ್ಲಿ?" ಎಂದು ಕೇಳಿದರು. ಮೊದಲಿನಿಂದ ಹೇಳುತ್ತ ಬಂದೆ. ಅವರೂ ಅಯ್ಯೋ ಪಾಪ, ಛೆ, ಎನ್ನುತ್ತ ಕೇಳಿದರು. ಅತ್ತೆಯನ್ನು ವಾಪಸು ತರಬೇಕೋ ಬೇಡವೋ ಎಂದು ಸಾರ್ ಹೇಳಿದ ಮಾತಿಗೆ ಬಂದೆ. ಇವರು ತುತ್ತು ನುಂಗುವುದನ್ನು ಬಿಟ್ಟು ಫಕ್ಕನೆ ನಕ್ಕುಬಿಟ್ಟರು. ನಕ್ಕ ಮೇಲೆ ನನ್ನ ಮುಖ ನೋಡಿ ತಟ್ಟೆಯ ಕಡೆ ಬಗ್ಗಿದರು.

ಎರಡನೆಯ ಮುದ್ದೆಯನ್ನು ಅವರೇ ಎದ್ದು ಹೋಗಿ ಹಾಕಿಕೊಂಡು ಬಂದರು. ಸಾರು ಬಿಸಿ ಮಾಡಿಕೊಡುತ್ತೀನಿ ಎಂದು ನಾನು ಹೇಳಲಿಲ್ಲ, ಅವರೂ ಕೇಳಲಿಲ್ಲ. ತಣ್ಣಗಿನ ಸಾರಿನಲ್ಲೇ ಉಂಡು, ತಟ್ಟೆ ತೊಳೆದಿಟ್ಟು, ಮೊದಲು ಮಲಗಿದವರೂ ಅವರೇ.